ಮಾರ್ಚ್ ಬಿಸಿಲಿನಲ್ಲಿ ದೇಶದ ವಿದ್ಯುತ್ ಎಲ್ಲಿಂದ ಬರುತ್ತದೆ: ಎರಡು ಸರ್ಕಾರಿ ಜಾಲತಾಣಗಳ ವಿಮರ್ಶೆ

ಈ ಹೊತ್ತಿನಲ್ಲಿ ಯಾವ ಮೂಲದಿಂದ ಎಷ್ಟು ವಿದ್ಯುತ್ ಹರಿಯುತ್ತಿದೆ ಎಂಬುದನ್ನು ಯಾರು ಬೇಕಾದರೂ ಉಚಿತವಾಗಿ ನೋಡಲು ಎರಡು ಸರ್ಕಾರಿ ತಾಣಗಳಿವೆ. ಇಡೀ ದೇಶದ ಲೆಕ್ಕ ಕೊಡುವುದು ಕೇಂದ್ರದ ‘ಮೆರಿಟ್’. ರಾಜ್ಯದ ಲೆಕ್ಕ ಕೊಡುವುದು, ವಿದ್ಯುತ್ತಿನ ಬೇಡಿಕೆ-ಪೂರೈಕೆಗಳನ್ನು ಸರಿದೂಗಿಸುವ ಕರ್ನಾಟಕ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ತಾಣ. ಕಲಬುರಗಿಯಲ್ಲಿ ಕುಳಿತು, ಮಾರ್ಚ್ ತಿಂಗಳ ಮೋಡವಿಲ್ಲದ ದಿನವೊಂದರಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇವೆರಡನ್ನೂ ಗಮನಿಸಿ ಈ ವಿಮರ್ಶೆ ಬರೆದಿದ್ದೇನೆ.

ಮಾರ್ಚ್ ತಿಂಗಳನ್ನು ಆರಿಸಿಕೊಳ್ಳಲು ಕಾರಣವಿದೆ. ಸೌರಫಲಕಕ್ಕೆ ಬೆಳಕು ಬೇಕು, ಕಾವು ಬೇಡ: ಫಲಕದ ಉಷ್ಣತೆ 25 ಡಿಗ್ರಿ ದಾಟಿದ ಮೇಲೆ ಏರುವ ಪ್ರತಿ ಡಿಗ್ರಿಗೂ ಅದರ ಉತ್ಪಾದನೆ ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಆದ್ದರಿಂದ ಮೇ ತಿಂಗಳ ಸುಡುಬಿಸಿಲಿಗಿಂತ ಯುಗಾದಿಗೆ ಮುಂಚಿನ ತಿಳಿಯಾದ ಆಕಾಶವೇ ಫಲಕಗಳಿಗೆ ಹೆಚ್ಚು ಅನುಕೂಲ. ನಮ್ಮಲ್ಲಿ ಹೊಸ ತೊಗರಿ ಬಂದು ಬೇಳೆ ಮಿಲ್ಲುಗಳು ಓಡುವುದು, ಪಂಪ್‌ಸೆಟ್‌ಗಳಿಗೆ ಬೇಡಿಕೆ ಏರುವುದು, ಮನೆಮನೆಯಲ್ಲಿ ಕೂಲರ್ ಹೊರಗೆ ಬರುವುದು ಎಲ್ಲವೂ ಈ ದಿನಗಳಲ್ಲೇ.

ಎರಡರಲ್ಲಿ ರಾಜ್ಯದ ತಾಣವೇ ನನಗೆ ಹೆಚ್ಚು ಇಷ್ಟವಾಯಿತು. ಅಲ್ಲಿ ಪ್ರತಿ ಕೇಂದ್ರದ ಮುಂದೆ ಅದರ ಆ ಹೊತ್ತಿನ ಮೆಗಾವಾಟ್ ಕಾಣುತ್ತದೆ: 1,720 ಮೆಗಾವಾಟ್ ಸಾಮರ್ಥ್ಯದ ರಾಯಚೂರು ಶಾಖೋತ್ಪನ್ನ ಕೇಂದ್ರ, 1,700ರ ಬಳ್ಳಾರಿ, 1,600ರ ಯರಮರಸ್, 1,035ರ ಶರಾವತಿ. ಪವನ ಮತ್ತು ಸೌರ ವಿದ್ಯುತ್ತಿನ ಅಂಕಿಗಳು ಬೇರೆ ಬೇರೆಯಾಗಿವೆ. ನಮ್ಮ ಕಲಬುರಗಿ ಭಾಗಕ್ಕೆ ವಿದ್ಯುತ್ ಹಂಚುವ ಜೆಸ್ಕಾಂ ವ್ಯಾಪ್ತಿಯದು ಅದರದೇ ಸಾಲಿನಲ್ಲಿ ಸಿಗುತ್ತದೆ. ಬೆಳಗಿನಲ್ಲಿ ಸೌರದ ಅಂಕಣ ಏರತೊಡಗಿ ನಡುಹಗಲಿಗೆ ತುದಿ ಮುಟ್ಟುತ್ತದೆ. ಆಗ ಶಾಖೋತ್ಪನ್ನ ಘಟಕಗಳು ಇಳಿದರೂ ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ ಬಾಯ್ಲರ್ ತಣ್ಣಗಾದರೆ ಸಂಜೆಗೆ ಮತ್ತೆ ಎಬ್ಬಿಸಲು ಬಹಳ ಹೊತ್ತು ಬೇಕು. ಕಲ್ಲಿದ್ದಲು ಘಟಕಗಳಿಗೆ ನಿಗದಿಯಾಗಿರುವ ಕನಿಷ್ಠ ಮಟ್ಟ ಸಾಮರ್ಥ್ಯದ ಶೇ. 55. ಸೂರ್ಯ ಇಳಿದಂತೆ ಬೀಳುವ ಕೊರತೆಯನ್ನು ನಿಮಿಷಗಳಲ್ಲಿ ತುಂಬಬಲ್ಲದ್ದು ಶರಾವತಿಯಂಥ ಜಲವಿದ್ಯುತ್. ಜಲಾಶಯದ ನೀರನ್ನು ಹಗಲಿನಲ್ಲಿ ಏಕೆ ಉಳಿಸಬೇಕು ಎಂಬುದಕ್ಕೆ ಈ ಪುಟಕ್ಕಿಂತ ಸ್ಪಷ್ಟವಾದ ಪಾಠ ನಾನು ಬೇರೆಲ್ಲೂ ಕಂಡಿಲ್ಲ.

ಇದೇ ತಾಣದಲ್ಲಿ ಆವರ್ತನವೂ, ಅಂದರೆ ಜಾಲದ ವಿದ್ಯುತ್ ಸೆಕೆಂಡಿಗೆ ಎಷ್ಟು ಆವರ್ತ ಪೂರೈಸುತ್ತದೆ ಎಂಬ ಅಂಕಿಯೂ ಇದೆ. 49.90ರಿಂದ 50.05 ಹರ್ಟ್ಜ್‌ಗಳ ನಡುವೆ ಇರಬೇಕಾದ ಈ ಅಂಕಿಯ ಕೊನೆಯ ಎರಡು ಸ್ಥಾನಗಳು ಸದಾ ಅಲುಗಾಡುತ್ತಿರುತ್ತವೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಇದು ಒಂದೇ ಆಗಿದ್ದು 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿದಾಗ. ಆ ಜೋಡಣೆ ಆದದ್ದು ನಮ್ಮ ಪಕ್ಕದ 765 ಕೆವಿ ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ; ಈ ಭಾಗದವರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿಯಿದು.

ಮೆರಿಟ್‌ನ ಮುಖಪುಟ ಅಚ್ಚುಕಟ್ಟಾಗಿದೆ, ಆದರೆ ಸೌರ, ಪವನ ಎಲ್ಲವನ್ನೂ ‘ನವೀಕರಿಸಬಹುದಾದ’ ಎಂಬ ಒಂದೇ ಅಂಕಿಯಲ್ಲಿ ಸೇರಿಸುತ್ತದೆ. ಬಿಸಿಲಿನ ದಿನದ ಲೆಕ್ಕ ಹುಡುಕುವವರಿಗೆ ಇದು ದೊಡ್ಡ ಕೊರತೆ. ಆದರೂ ದೇಶದ ಒಟ್ಟು ಚಿತ್ರಕ್ಕಾಗಿ ಇದನ್ನು ನೋಡಲೇಬೇಕು. 2025ರ ಜನವರಿಯಲ್ಲಿ ದೇಶದ ಸೌರ ಸಾಮರ್ಥ್ಯ ಒಂದು ಲಕ್ಷ ಮೆಗಾವಾಟ್ ದಾಟಿದ್ದು ನಿಜವಾದರೂ, ಸೂರ್ಯ ಮುಳುಗಿದ ಮೇಲೆ ಈ ಪುಟ ನೋಡಿದರೆ ಕಲ್ಲಿದ್ದಲಿನ ಮೇಲಿನ ನಮ್ಮ ಅವಲಂಬನೆ ಎಷ್ಟೆಂಬುದು ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಓದುಗರು ಗಮನಿಸಬೇಕಾದ ಮಾತೊಂದಿದೆ. ಮನೆಯ ಮಾಳಿಗೆಯ ಫಲಕದಿಂದ ಬಂದು ಅದೇ ಮನೆಯಲ್ಲಿ ಖರ್ಚಾಗುವ ವಿದ್ಯುತ್ ಈ ತಾಣಗಳಲ್ಲಿ ಉತ್ಪಾದನೆಯಾಗಿ ಕಾಣುವುದಿಲ್ಲ, ಬೇಡಿಕೆಯ ಇಳಿಕೆಯಾಗಿ ಕಾಣುತ್ತದೆ. ‘ಪಿಎಂ ಸೂರ್ಯಘರ್’ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗುತ್ತಿರುವಾಗ ಈ ಕಾಣದ ಪಾಲು ಬೆಳೆಯುತ್ತಲೇ ಹೋಗುತ್ತದೆ. ಅದರ ಅಂದಾಜನ್ನಾದರೂ ಪ್ರಕಟಿಸಬೇಕು.

ರಾಜ್ಯದ ತಾಣದ ಭಾಷೆಯೂ ಬದಲಾಗಬೇಕು. ಆರ್‌ಟಿಪಿಎಸ್ (ರಾಯಚೂರು ಶಾಖೋತ್ಪನ್ನ ಕೇಂದ್ರ), ಬಿಟಿಪಿಎಸ್ (ಬಳ್ಳಾರಿಯದು), ಎನ್‌ಸಿಇಪಿ (ಸೌರ, ಪವನದಂಥ ಅಸಾಂಪ್ರದಾಯಿಕ ಮೂಲಗಳು) ಎಂಬ ಇಂಗ್ಲಿಷ್ ಸಂಕ್ಷೇಪಗಳು ಇಲಾಖೆಯವರಿಗೆ ಸಾಕು. ಸೇಡಂ, ಚಿಂಚೋಳಿಯ ರೈತರಿಗೆ, ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಪೂರ್ಣ ಹೆಸರು ಬೇಕು. ಗೃಹಜ್ಯೋತಿಯ ಮಿತಿಯೊಳಗಿನ ಮನೆಗೆ ಯಾವ ಹೊತ್ತಿನಲ್ಲಿ ಬಳಸಿದರೂ ಬಿಲ್ಲು ಶೂನ್ಯವೇ ಆದ್ದರಿಂದ, ನೀರೆತ್ತುವ ಮೋಟಾರನ್ನು ಸಂಜೆಯ ಬದಲು ಮಧ್ಯಾಹ್ನ ಹಾಕುವುದು ಏಕೆ ಒಳ್ಳೆಯದೆಂದು ಹೇಳಲು ಇಂಥ ಪುಟವೇ ಆಧಾರ. ಮೊದಲ ಬಾರಿಗೆ ನೋಡುವವರು ರಾಜ್ಯದ ತಾಣವನ್ನು ಮಧ್ಯಾಹ್ನ ಹನ್ನೆರಡೂವರೆಗೆ ಒಮ್ಮೆ, ಸಂಜೆ ಏಳಕ್ಕೆ ಮತ್ತೊಮ್ಮೆ ತೆರೆಯಲಿ. ಮೆರಿಟ್ ಅನ್ನು ಅನಂತರ ನೋಡಿದರೆ ಸಾಕು.