ಜಿಡ್ಡಿನ ಗುರುವಾರ, ಸೀಸೆಯ ಜಾಮು

ಗುರುವಾರ ನಮ್ಮ ಮನೆಯಲ್ಲಿ ದತ್ತನ ವಾರ. ಅತ್ತೆಯವರಿಗೆ ಒಪ್ಪೊತ್ತು. ಅಂಥ ದಿನವೇ, 2026ರ ಫೆಬ್ರುವರಿ 12ರಂದು, ಪುಣೆಯ ವನಾಜ್‌ನಲ್ಲಿ ಮೆಟ್ರೊ ಹತ್ತಿ ಬಂಡ್ ಗಾರ್ಡನ್‌ನಲ್ಲಿ ಇಳಿದು, ಕೋರೆಗಾಂವ್ ಪಾರ್ಕಿನ ಒಂದು ಬೇಕರಿಯಿಂದ ಮೊಟ್ಟೆಯ ಹಳದಿ ಹಾಕಿ ಕರಿದ ಆರು ಪೊಂಚ್ಕಿ, ಅಂದರೆ ಪೋಲೆಂಡಿನ ಡೋನಟ್, ಹಿಡಿದುಕೊಂಡು ಬಂದೆ.

ಪೋಲೆಂಡಿನಲ್ಲಿ ಬೂದಿ ಬುಧವಾರಕ್ಕೆ ಮುಂಚಿನ ಗುರುವಾರದ ಹೆಸರೇ ‘ಜಿಡ್ಡಿನ ಗುರುವಾರ’. ಆ ಬುಧವಾರದಿಂದ ಈಸ್ಟರ್‌ವರೆಗೆ ಕ್ರೈಸ್ತರಿಗೆ ಉಪವಾಸದ ಕಾಲ. ಅಷ್ಟರೊಳಗೆ ಮನೆಯಲ್ಲಿರುವ ಕೊಬ್ಬು, ಸಕ್ಕರೆ, ಮೊಟ್ಟೆ ಖಾಲಿಯಾಗಬೇಕು. ಆ ದಿನ ಒಂದಾದರೂ ಪೊಂಚ್ಕಿ ತಿನ್ನದವರಿಗೆ ವರ್ಷವಿಡೀ ಅದೃಷ್ಟ ಕೈಕೊಡುತ್ತದಂತೆ. ಇಷ್ಟು ಹೇಳಿದ್ದಕ್ಕೆ ಅತ್ತೆ, “ಅಂದರೆ ಇದು ಅವರ ಗಟಾರಿ” ಎಂದರು. ಗಟಾರಿ ಎಂದರೆ ಶ್ರಾವಣದಲ್ಲಿ ಮಾಂಸ ಬಿಡುವವರು ಅದಕ್ಕೆ ಮುಂಚೆ ಹೊಟ್ಟೆ ತುಂಬ ತಿಂದು ಮುಗಿಸುವ ದಿನ; ಆಗ ಪುಣೆಯ ಮಟನ್ ಅಂಗಡಿಗಳೆದುರು ನಿಲ್ಲುವ ಸಾಲನ್ನು ಕಂಡವರಿಗೆ ಬೇರೆ ವಿವರಣೆ ಬೇಡ.

ಪೊಂಚ್ಕಿ ಅಂಗೈ ತುಂಬುವ, ತೂತಿಲ್ಲದ ಗುಂಡು. ಸೊಂಟದ ಸುತ್ತ ಬಿಳಿಚಿಕೊಂಡ ಒಂದು ಪಟ್ಟಿ ಇದೆಯೇ ಎಂದು ಮೊದಲು ನೋಡಬೇಕು. ಹಿಟ್ಟು ಚೆನ್ನಾಗಿ ಹುದುಗಿ ಹಗುರವಾಗಿದ್ದರೆ ಎಣ್ಣೆಯಲ್ಲಿ ತೇಲುತ್ತದೆ; ಎರಡೂ ಮಗ್ಗುಲು ಕೆಂಪಗಾಗುತ್ತವೆ, ನಡುವಿಗೆ ಎಣ್ಣೆ ಎಟುಕುವುದೇ ಇಲ್ಲ. ಆರಕ್ಕೆ ಆರರಲ್ಲೂ ಪಟ್ಟಿ ಸ್ಪಷ್ಟವಾಗಿತ್ತು. ಬೆರಳಿನಿಂದ ಒತ್ತಿದರೆ ಮೆಲ್ಲಗೆ ಮೇಲೆದ್ದು ಮೊದಲಿನಂತಾಗುತ್ತಿತ್ತು. ಎಣ್ಣೆ ಹೀರದಿರಲೆಂದು ಹಿಟ್ಟಿಗೆ ಒಂದು ಚಮಚ ಮದ್ಯಸಾರ ಬೆರೆಸುವುದು ಪೋಲಿಷರ ಉಪಾಯ. ಇವರೂ ಹಾಕುತ್ತಾರೆಯೇ ಎಂದು ಕೇಳಿದೆ. ಕೌಂಟರಿನ ಹುಡುಗ ಗಾಬರಿಯಾಗಿ ಒಳಗೆ ಹೋದವನು ಮತ್ತೆ ಬರಲೇ ಇಲ್ಲ.

ಎಡವಿದ್ದು ಹೂರಣದಲ್ಲಿ. ಗುಲಾಬಿ ಎಸಳನ್ನು ಸಕ್ಕರೆಯೊಂದಿಗೆ ಅರೆದು ತುಂಬುವುದು ಅಲ್ಲಿನ ಹಳೆಯ ರೂಢಿ. ನಮ್ಮ ಗುಲ್ಕಂದದ ಒಡಹುಟ್ಟಿದ್ದೇ ಅದು! ಪುಣೆಯಲ್ಲಿ ಗುಲ್ಕಂದಕ್ಕೆ ಬರವೇ? ಬೀದಿಗೊಂದು ಪಾನ್ ಅಂಗಡಿ ಇದೆ. ಇವರು ಮಾತ್ರ ಸೀಸೆಯ ಮಿಶ್ರ ಹಣ್ಣಿನ ಜಾಮನ್ನು, ಅದೂ ಹಣೆಗೆ ಕುಂಕುಮ ಇಟ್ಟಷ್ಟು, ಒಂದು ಮೂಲೆಗೆ ತುರುಕಿದ್ದಾರೆ. ಮೂರನೇ ತುತ್ತಿಗೆ ಸಿಕ್ಕಿತು, ನಾಲ್ಕನೆಯದಕ್ಕೆ ಮುಗಿಯಿತು. ಒಂದಕ್ಕೆ 140 ರೂಪಾಯಿ. ನಮ್ಮ ನಿಪ್ಪಾಣಿಗೆ ಹತ್ತಿರದ ಕೊಲ್ಹಾಪುರದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ನಿರಾಶ್ರಿತರಿದ್ದರು. ಅವರೆದುರು ಗುಲ್ಕಂದದ ಡಬ್ಬಿ ತೆರೆದಿದ್ದರೆ ವಾಸನೆಯಿಂದಲೇ ಗುರುತು ಹಿಡಿಯುತ್ತಿದ್ದರು ಅನ್ನಿಸುತ್ತದೆ.

ಜತೆಗೆ ತಂದ ಫಾವೊರ್ಕಿಗೆ ಪೂರ್ತಿ ಅಂಕ. ತೆಳ್ಳಗೆ ಲಟ್ಟಿಸಿದ ಪಟ್ಟಿಯ ನಡುವೆ ಸೀಳಿ, ಅದರೊಳಗೆ ತುದಿ ತೂರಿಸಿ ಕರಿದು, ಮೇಲೆ ಪುಡಿಸಕ್ಕರೆ ಉದುರಿಸಿದ್ದು. ಶಂಕರಪೋಳಿಗಿಂತ ಗರಿಗರಿ. ಡಬ್ಬಿ ಮನೆ ಮುಟ್ಟುವ ಮುಂಚೆ ಅರ್ಧ ಖಾಲಿ.

ಉಳಿದ ಎರಡು ಪೊಂಚ್ಕಿಗಳನ್ನು ಸೀಳಿ, ಜಾಮು ಕೆರೆದು ತೆಗೆದು, ಗುಲ್ಕಂದ ತುಂಬಿ ಯಜಮಾನರಿಗೆ ಕೊಟ್ಟೆ. ಅವರು ಮಾತಿಲ್ಲದೆ ಎರಡನ್ನೂ ಮುಗಿಸಿದರು. ದೂರದಿಂದಲೇ ನೋಡುತ್ತಿದ್ದ ಅತ್ತೆ, “ಮೊಟ್ಟೆ ಹಾಕದೆ ಮಾಡಿಕೊಡುತ್ತಾರೆಯೇ ಕೇಳಿಕೊಂಡು ಬಾ, ಗುರುವಾರ ಬಿಟ್ಟು” ಎಂದರು.