ಬೆಳಗಿನ ಶಿಫ್ಟ್‌ನವರಿಗೆ ಹ್ಯಾಂಡಲ್ ಮಫ್ ಬೇಕೇ ಬೇಕು

ಬೆಂಗಳೂರಿನ ಚಳಿ ಅಂದರೆ ಅರ್ಧ ಗಾಳಿಯೇ. ಜನವರಿಯಲ್ಲಿ ಬೆಳಗಿನ ಜಾವ 14 ಡಿಗ್ರಿ ಇರಬಹುದು, ನಿಂತಲ್ಲಿ ಅದೇನೂ ದೊಡ್ಡದಲ್ಲ. ಬೈಕ್ 60ರಲ್ಲಿ ಓಡಿದರೆ ಅದೇ ಚಳಿ ಮೈಗೆ 10–11 ಡಿಗ್ರಿಯಂತೆ ತಾಗುತ್ತದೆ. ನಾನು ಯಲಹಂಕದಿಂದ ಪೀಣ್ಯಕ್ಕೆ ಮೊದಲ ಶಿಫ್ಟ್‌ಗೆ ಹೋಗುವವನು. ಜಾಲಹಳ್ಳಿಯ ಮರಗಳ ಸಾಲು ಬರುವ ಹೊತ್ತಿಗೆ ಬೆರಳು ಮರಗಟ್ಟಿರುತ್ತಿತ್ತು.

ಉಲ್ಲನ್ ಗ್ಲೌಸ್ ಇದಕ್ಕೆ ಸಾಲದು. ಗಾಳಿ ಹೆಣಿಗೆಯ ಸಂದಿಯಲ್ಲೇ ನುಗ್ಗುತ್ತದೆ. ತುಂಬಾ ದಪ್ಪದ ಗ್ಲೌಸ್ ಹಾಕಿದರೆ ಇಂಡಿಕೇಟರ್ ಸ್ವಿಚ್ ಹೆಬ್ಬೆರಳಿಗೆ ಸಿಗುವುದಿಲ್ಲ. ಅದಕ್ಕೇ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ 650 ರೂಪಾಯಿ ಕೊಟ್ಟು ಹ್ಯಾಂಡಲ್ ಮಫ್, ಅಂದರೆ ಬೈಕಿನ ಹ್ಯಾಂಡಲ್‌ಗೆ ಕಟ್ಟುವ ಚೀಲದಂಥ ಕವಚದ ಜೋಡಿ, ತಂದೆ. ಕಂಪನಿ ಹೆಸರೇನೂ ಇಲ್ಲ. ಹೊರಗೆ ನೀರು ಇಳಿಯದ ರೆಕ್ಸಿನ್, ಒಳಗೆ ಮೆತ್ತನೆಯ ಬಟ್ಟೆ. ಹಿಡಿ, ಕ್ಲಚ್, ಬ್ರೇಕ್ ಲಿವರ್ ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ. ನಾವು ಕೈಯನ್ನು ಒಳಗೆ ತೂರಿಸುವುದು ಅಷ್ಟೇ.

ಬೆಚ್ಚಗಿರುತ್ತದಾ ಅಂದರೆ, ಖಂಡಿತ. ಒಳಗೆ ತೆಳು ಗ್ಲೌಸ್ ಸಾಕು. ಸುಮ್ನೆ ಬರಿಗೈಯಲ್ಲಿ ಮಾತ್ರ ಓಡಿಸಬೇಡಿ, ಬಿದ್ದರೆ ಅಂಗೈ ಉಳಿಸುವುದು ಗ್ಲೌಸೇ. ಫ್ಯಾಕ್ಟರಿ ಗೇಟಿನಲ್ಲಿ ಐಡಿ ಕಾರ್ಡ್ ತೆಗೆಯುವಾಗ ಈಗ ಬೆರಳುಗಳು ಹೇಳಿದಂತೆ ಕೇಳುತ್ತವೆ.

ಆದರೆ ಒಂದು ವಿಷಯ ಗಮನಿಸಲೇಬೇಕು. ನಾನು ತಂದ ಜೋಡಿಯ ಮುಂಭಾಗ ತೀರಾ ಮೆದು. ವೇಗ ಜಾಸ್ತಿಯಾದರೆ ಗಾಳಿ ಅದನ್ನು ಒಳಕ್ಕೆ ಒತ್ತಿ ಬ್ರೇಕ್ ಲಿವರ್‌ಗೆ ತಾಗಿಸುತ್ತದೆ. ಲಿವರ್ ಸ್ವಲ್ಪ ಒಳಗೆ ಹೋದರೂ ಸಾಕು, ಹಿಂದಿನ ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ. ಹಿಂದೆ ಬರುತ್ತಿದ್ದ ಸಹೋದ್ಯೋಗಿ ಹೇಳಿದ ಮೇಲೆ ಗೊತ್ತಾಯಿತು. ಹಿಂದಿನವರಿಗೆ ನಾವು ನಿಜವಾಗಿ ಬ್ರೇಕ್ ಹಿಡಿದಿದ್ದು ತಿಳಿಯದಿದ್ದರೆ ಎಷ್ಟು ಅಪಾಯ, ಅಲ್ವಾ? ಮುಂಭಾಗಕ್ಕೆ ಒಳಗಿನಿಂದ ಗಟ್ಟಿ ಪ್ಲಾಸ್ಟಿಕ್ ಹಾಳೆ ಹೊಲಿಸಿ, ಮಫ್‌ನ ದಾರವನ್ನು ಕನ್ನಡಿಯ ಕಂಬಿಗೆ ಎಳೆದು ಕಟ್ಟಿದೆ. ಆಮೇಲೆ ತೊಂದರೆ ಬಂದಿಲ್ಲ. ಹಾಳೆ ಇರುವ ಜೋಡಿಯೂ ಸಿಗುತ್ತದೆ, ನೂರಿನ್ನೂರು ಜಾಸ್ತಿ ಆದರೂ ಅದನ್ನೇ ತೆಗೆದುಕೊಳ್ಳಿ.

ಅಂಗಡಿ ಮುಂದೆಯೇ ಬೈಕಿಗೆ ಕಟ್ಟಿಸಿ ನೋಡಿ. ಕೈ ಹೊರಗೆ ತೆಗೆದು, ಕೆಳಗೆ ನೋಡದೆ ಮತ್ತೆ ಒಳಗೆ ಹಾಕಿ. ಬಾಯಿ ಬಿಗಿಯಾಗಿ ಕೈ ಸಿಕ್ಕಿಕೊಂಡರೆ ಬೇಡವೇ ಬೇಡ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟ್ಯಾಂಕಿಗೆ ತಾಗುತ್ತದಾ ನೋಡಿ. ಆಕ್ಸಿಲರೇಟರ್ ಬಿಟ್ಟ ಕೂಡಲೇ ತಾನಾಗಿ ಹಿಂದಕ್ಕೆ ಬರಬೇಕು.

ಒಂಬತ್ತು ಗಂಟೆ ಮೇಲೆ ಹೊರಡುವವರಿಗೆ ಇದು ದಂಡ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೈ ಬೆವರುತ್ತದೆ ಅಷ್ಟೇ. ಹಾಲು, ಪೇಪರ್ ಹಾಕುವವರಿಗೆ, ಆಸ್ಪತ್ರೆ, ಫ್ಯಾಕ್ಟರಿಗಳ ಬೆಳಗಿನ ಪಾಳಿಯವರಿಗೆ ಧೈರ್ಯವಾಗಿ ಹೇಳುತ್ತೇನೆ, ತೆಗೆದುಕೊಳ್ಳಿ. ಜೊತೆಗೆ ಎದೆಗೆ ಗಾಳಿ ತಡೆಯುವ ಜಾಕೆಟ್ ಇರಲಿ. ಎದೆ, ಕುತ್ತಿಗೆ ತಣ್ಣಗಾದರೆ ದೇಹ ಬೆರಳಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ, ಆಗ ಮಫ್ ಒಂದರಿಂದಲೇ ಬೆರಳು ಬೆಚ್ಚಗಾಗುವುದಿಲ್ಲ.