ಬೇಳೆಕಾಳಿನ ಜೀನ್ ಕುಟುಂಬ ಎಣಿಸೋಕೆ ಯಾವುದು ಮೇಲು: ಆರ್ಥೋಫೈಂಡರಾ, ಆರ್ಥೋಎಂಸಿಎಲ್ಲಾ, ಸಿದ್ಧ ಪಟ್ಟಿಯಾ?

ಈ ವರ್ಷ ನಾನು ಮಾಡಿದ ಖರ್ಚಿನಲ್ಲಿ ಸಾರ್ಥಕ ಅನಿಸಿದ್ದು ಲ್ಯಾಪ್‌ಟಾಪಿಗೆ ಹಾಕಿಸಿದ ಇನ್ನೊಂದು 8 ಜಿಬಿ ರ್ಯಾಮ್. ದಾವಣಗೆರೆಯ ಒಂದು ಅಂಗಡಿಯಲ್ಲಿ ಮೂರು ಸಾವಿರದ ಒಳಗೇ ಮುಗಿಯಿತು. ಅದರಿಂದ ಒಂದೇ ಮೂಲದ ನೆಂಟ ಜೀನುಗಳನ್ನು (ಅದೇ ಜೀನ್ ಕುಟುಂಬ) ಬೇರೆ ಬೇರೆ ಬೆಳೆಗಳಿಂದ ಹುಡುಕಿ ಗುಂಪು ಮಾಡುವ ಆರ್ಥೋಫೈಂಡರ್ ಸಾಫ್ಟ್‌ವೇರ್ ಮನೆಯಲ್ಲೇ ಓಡುತ್ತದೆ, ಬಾಡಿಗೆ ಸರ್ವರ್ ಗೋಜೇ ಇಲ್ಲ. ಹಾಗಾಗಿ ನನ್ನ ಓಟು ಯಾರಿಗೆ ಅನ್ನೋದು ಗುಟ್ಟೇನಲ್ಲ. ಉಳಿದೆರಡನ್ನೂ ಇದೇ ಕೆಲಸಕ್ಕೆ ಹಚ್ಚಿ ನೋಡಿದ್ದೇನೆ, ಅದನ್ನೂ ಹೇಳುತ್ತೇನೆ.

ಡಿಗ್ರಿ ಕಾಲೇಜಿನಲ್ಲಿ ಬಾಟನಿ ಪಾಠ, ಜೊತೆಗೆ ಪಾರ್ಟ್‌ಟೈಮ್ ಪಿಎಚ್‌ಡಿ. ನಮ್ಮದು ಚಳ್ಳಕೆರೆ ಕಡೆ. ಶೇಂಗಾ ಬಿಟ್ಟು ಬೇರೆ ಬೆಳೆ ಆರಿಸಿದ್ದರೆ ಮನೆಯಲ್ಲಿ ಮಾತು ಕೇಳಬೇಕಿತ್ತು. ನಾನು ಹಿಡಿದಿರುವುದು ಲೈಸ್‌ಎಂ ರಿಸೆಪ್ಟರ್ ಅನ್ನುವ ಜೀನ್ ಕುಟುಂಬ. ರೈಜೋಬಿಯಂ ಬ್ಯಾಕ್ಟೀರಿಯ ಮಣ್ಣಿನಲ್ಲಿ ಬಿಡುವ ಸಂಕೇತವನ್ನು ಬೇರು ಗುರುತು ಹಿಡಿಯುವುದು ಇವುಗಳಿಂದ. ಆಮೇಲೇ ಬೇರಿನಲ್ಲಿ ಗಂಟು. ಲೋಟಸ್ ಜಪೋನಿಕಸ್ ಎಂಬ ಗಿಡದಲ್ಲಿ 2003ರಲ್ಲಿ ಇವುಗಳ ಪೈಕಿ ಎನ್‌ಎಫ್‌ಆರ್1, ಎನ್‌ಎಫ್‌ಆರ್5 ಸಿಕ್ಕವು. ಶೇಂಗಾ, ತೊಗರಿ, ಕಡಲೆ, ಅಲಸಂದೆ, ಸೋಯಾಗಳಲ್ಲಿ ಈ ಕುಟುಂಬ ಎಲ್ಲಿ ಬೆಳೆಯಿತು, ಎಲ್ಲಿ ಸೊರಗಿತು ಅನ್ನೋದು ನನ್ನ ಪ್ರಶ್ನೆ.

ಸಿದ್ಧ ಪಟ್ಟಿ ಅಂದರೆ ಲೆಗ್ಯೂಮ್ ಇನ್‌ಫರ್ಮೇಶನ್ ಸಿಸ್ಟಮ್ ಎಂಬ ವೆಬ್‌ಸೈಟ್. ದುಡ್ಡು ಬೇಡ, ಫೋನಿನಲ್ಲೂ ತೆರೆಯುತ್ತದೆ. ಜೀನಿನ ಹೆಸರು ಹಾಕಿದರೆ ಅದು ಯಾವ ಕುಟುಂಬ, ನೆಂಟರು ಯಾರು, ವಂಶವೃಕ್ಷ ಹೇಗಿದೆ ಎಲ್ಲಾ ಬರುತ್ತದೆ. ಒಂದೋ ಎರಡೋ ಜೀನ್ ನೋಡುವವರಿಗೆ ಇದಕ್ಕಿಂತ ಬೇರೆ ಬೇಡ. ನನ್ನ ಎಂಎಸ್‌ಸಿ ಹುಡುಗರಿಗೆ ಪ್ರಾಜೆಕ್ಟಿಗೆ ಇದನ್ನೇ ಕೊಡುತ್ತೇನೆ. ಆದರೆ ಇಲ್ಲಿ ಬಡಿಸಿದ್ದನ್ನೇ ಉಣ್ಣಬೇಕು. ಯಾವ ಬೆಳೆ, ಜೀನೋಮಿನ ಯಾವ ವರ್ಷನ್ನು, ಗುಂಪು ಎಷ್ಟು ಬಿಗಿ, ಎಲ್ಲಾ ಅವರೇ ತೀರ್ಮಾನಿಸಿ ಇಟ್ಟಿರುತ್ತಾರೆ. ನನಗೆ ಮುಂದೆ ಹುರುಳಿ ಸೇರಿಸಬೇಕು, ಅದೂ ನಾನು ಆರಿಸಿದ ಫೈಲಿನಿಂದ. ಆ ಸ್ವಾತಂತ್ರ್ಯ ಇಲ್ಲಿಲ್ಲ.

ಆರ್ಥೋಎಂಸಿಎಲ್ ಕೂಡ ಗುಂಪು ಮಾಡುವ ಸಾಫ್ಟ್‌ವೇರೇ, 2003ರ ಹಿರಿಯ. ಹಳೆಯ ಪೇಪರುಗಳಲ್ಲಿ ಇದರದ್ದೇ ಹೆಸರು. ಗೈಡ್‌ಗಳಿಗೆ ಇದರ ಮೇಲೆ ಒಂದು ಮಮಕಾರ. ಮೊದಲು ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು, ಪಾಸ್‌ವರ್ಡ್ ಕೊಡಬೇಕು, ಟೇಬಲ್ ಕಟ್ಟಬೇಕು, ಆಮೇಲೆ ಎಲ್ಲಾ ಪ್ರೋಟೀನನ್ನೂ ಎಲ್ಲಾ ಪ್ರೋಟೀನಿನ ಜೊತೆ ಬ್ಲಾಸ್ಟ್ ಮಾಡಬೇಕು, ಅಂದರೆ ಹೋಲಿಸಿ ಅಂಕ ಹಾಕಬೇಕು. ಲ್ಯಾಪ್‌ಟಾಪಿನ ಫ್ಯಾನು ಕೂಗಿದ್ದೇ ಬಂತು. ಇಷ್ಟೆಲ್ಲಾ ಆಗಿ ಕೈಗೆ ಸಿಗುವುದು ಬರೀ ಗುಂಪುಗಳ ಪಟ್ಟಿ. ಮರ, ಅಂದರೆ ವಂಶವೃಕ್ಷ, ಬೇಕಿದ್ದರೆ ಬೇರೆ ಸಾಫ್ಟ್‌ವೇರ್. ಚಿಕ್ಕ ಪ್ರೋಟೀನುಗಳಿಗಂತೂ ಇಲ್ಲಿ ನ್ಯಾಯವೇ ಇಲ್ಲ. ಉದ್ದ ಕಮ್ಮಿ ಇದ್ದರೆ ಬ್ಲಾಸ್ಟ್ ಅಂಕವೂ ಕಮ್ಮಿ, ಗುಂಪಿನಿಂದ ಹೊರಗೆ.

ಆರ್ಥೋಫೈಂಡರ್ 2015ರಲ್ಲಿ ಬಂದದ್ದೇ ಈ ಉದ್ದದ ತಾರತಮ್ಯ ಸರಿ ಮಾಡುತ್ತೇನೆ ಅಂತ. ಪ್ರತಿ ಬೆಳೆಯ ಪ್ರೋಟೀನ್ ಫೈಲನ್ನು ಒಂದು ಫೋಲ್ಡರಿಗೆ ಹಾಕಿ ಒಂದು ಸಾಲು ಟೈಪ್ ಮಾಡಿದರೆ ಮುಗಿಯಿತು. ಬ್ಲಾಸ್ಟ್ ಬದಲು ಡೈಮಂಡ್ ಅನ್ನೋ ವೇಗದ ಹೋಲಿಕೆ ಸಾಫ್ಟ್‌ವೇರ್ ಬಳಸುವುದರಿಂದ ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಟೀ ಹೊತ್ತಿಗೆ ಗುಂಪು, ಮರ ಎಲ್ಲಾ ಸಿದ್ಧ. ಕರೆಂಟ್ ಹೋಗಿ ನಿಂತರೂ ಡೈಮಂಡ್ ಹಂತ ಮುಗಿದಿದ್ದರೆ ಅಲ್ಲಿಂದಲೇ ಮುಂದುವರಿಸಬಹುದು. ನಾಳೆ ಹುರುಳಿ ಸೇರಿಸಿದರೆ ಹಳೆಯ ಡೈಮಂಡ್ ಹೋಲಿಕೆ ಹಾಗೇ ಉಳಿಯುತ್ತದೆ, ಹೊಸ ಬೆಳೆಯ ಹೋಲಿಕೆಯಷ್ಟೇ ಮಾಡುತ್ತದೆ. ನನ್ನಂಥ ಒಂದು ಲ್ಯಾಪ್‌ಟಾಪಿನ ಮನುಷ್ಯನಿಗೆ ಇದೇ ದೊಡ್ಡದು.

ಈಗ ತಲೆನೋವಿಗೆ ಬರೋಣ. ಯಾವ ಕುಟುಂಬದಲ್ಲಿ ಯಾವ ಬೆಳೆಗೆ ಎಷ್ಟು ಜೀನ್ ಅಂತ ಮೊದಲ ಸಲ ಬಂದ ಟೇಬಲ್ ನೋಡಿ ನನ್ನ ವಿದ್ಯಾರ್ಥಿನಿ ಕೇಳಿದಳು: “ಸರ್, ಯಾವ ಕುಟುಂಬ ತೆಗೆದರೂ ಸೋಯಾದ್ದೇ ದೊಡ್ಡದು ಇದೆಯಲ್ಲ, ಅದು ಹೆಂಗೆ?” ಸೋಯಾದಲ್ಲಿ ಜೀನ್ ಜಾಸ್ತಿ ಅನ್ನೋದು ಗೊತ್ತಿದ್ದದ್ದೇ. ಅದರ ಇಡೀ ಜೀನೋಮ್ ಸುಮಾರು 5.9 ಕೋಟಿ ವರ್ಷದ ಹಿಂದೆ ಒಮ್ಮೆ, 1.3 ಕೋಟಿ ವರ್ಷದ ಹಿಂದೆ ಇನ್ನೊಮ್ಮೆ ದುಪ್ಪಟ್ಟಾಗಿದೆ. ಮೊದಲನೆಯದು ತೊಗರಿ, ಕಡಲೆಗೂ ಸೇರಿದ್ದು, ಎರಡನೆಯದು ಸೋಯಾದ್ದೇ. ಆದರೆ ನಮ್ಮ ಟೇಬಲ್ ಅದಕ್ಕೂ ಮೀರಿ ಉಬ್ಬಿತ್ತು.

ಸೋಯಾದ ಪ್ರೋಟೀನ್ ಫೈಲ್ ತೆರೆದು ಸಾಲು ಸಾಲಾಗಿ ನೋಡಿದೆವು. ಒಂದೇ ಜೀನಿನ ಹೆಸರು ಕೆಳಗೆ ಕೆಳಗೆ ಮೂರು ಕಡೆ. ಕೊನೆಯಲ್ಲಿ ಮಾತ್ರ .1, .2, .3 ಅಂತ ಬಾಲ. ಪ್ರೋಟೀನ್ ಅಕ್ಷರಗಳೂ ಬಹುಪಾಲು ಒಂದೇ, ಕೊನೆಗೆ ಬಂದಾಗ ಒಂದರಲ್ಲಿ ಒಂದಷ್ಟು ಅಕ್ಷರ ಮಾಯ. ಅಂದರೆ ಇವು ಮೂರು ಜೀನಲ್ಲ. ಒಂದೇ ಜೀನನ್ನು ಗಿಡ ಬೇರೆ ಬೇರೆ ಥರ ಕತ್ತರಿಸಿ ಜೋಡಿಸಿದ ಪ್ರತಿಗಳು, ಟ್ರಾನ್ಸ್‌ಕ್ರಿಪ್ಟ್‌ಗಳು. ಸೋಯಾದ ವಿಲಿಯಮ್ಸ್ 82 ತಳಿಯ ಎರಡನೇ ವರ್ಷನ್ನಿನಲ್ಲಿ ಜೀನ್ 56,044, ಟ್ರಾನ್ಸ್‌ಕ್ರಿಪ್ಟ್ 88,647. ಕಡಲೆಯ 2013ರ ಪಟ್ಟಿಯಲ್ಲಿ ಒಟ್ಟು ಜೀನೇ 28,269. ಒಂದು ಕಡೆ ಜೀನ್ ಎಣಿಸಿ, ಇನ್ನೊಂದು ಕಡೆ ಪ್ರತಿ ಎಣಿಸಿದರೆ ವಿಕಾಸದ ಕಥೆ ಎಲ್ಲಿಂದ ಬರಬೇಕು?

ಇದು ಆರ್ಥೋಫೈಂಡರಿನದೇ ದೋಷ ಅಂತಲ್ಲ. ಆರ್ಥೋಎಂಸಿಎಲ್ ಕೂಡ ಕೊಟ್ಟಿದ್ದನ್ನು ಹಾಗೇ ಎಣಿಸುತ್ತದೆ. ಒಂದು ಜೀನಿಗೆ ಉದ್ದನೆಯ ಒಂದೇ ಪ್ರತಿ ಉಳಿಸುವ ಪುಟ್ಟ ಸ್ಕ್ರಿಪ್ಟ್ ಆರ್ಥೋಫೈಂಡರ್ ಜೊತೆಗೇ ಬರುತ್ತದೆ. ಆದರೆ ಅದು ಎನ್‌ಸೆಂಬಲ್ ಎಂಬ ಜೀನೋಮ್ ಡೇಟಾಬೇಸ್ ಮಾದರಿಯ ಫೈಲಿಗೆ ಅಂತ ಬರೆದದ್ದು, ಎಲ್ಲಾ ಡೇಟಾಬೇಸಿನ ಹೆಸರಿಡುವ ರೀತಿ ಅದಕ್ಕೆ ಹೊಂದುವುದಿಲ್ಲ. ಫೈಟೋಜೋಮ್ ಎಂಬ ಸಸ್ಯ ಜೀನೋಮ್ ಡೇಟಾಬೇಸಿನಲ್ಲಿ ಒಂದು ಜೀನಿಗೆ ಒಂದೇ ಪ್ರತಿ ಇರುವ ಫೈಲ್ ಬೇರೆಯಾಗಿಯೇ ಇಟ್ಟಿರುತ್ತಾರೆ, ಲಾಗಿನ್ ಆಗಿ ಅದನ್ನೇ ಇಳಿಸಿಕೊಳ್ಳುವುದು ಸುಲಭ. ಉಳಿದ ಬೆಳೆಗಳಿಗೆ ಬಾಲ ಕತ್ತರಿಸಿ ಒಂದೇ ಪ್ರತಿ ಉಳಿಸುವ ಕೋಡಿನ ಸಾಲುಗಳನ್ನು ನಾವೇ ಬರೆದುಕೊಳ್ಳಬೇಕು.

ಉದ್ದನೆಯದನ್ನೇ ಇಟ್ಟುಕೊಳ್ಳೋದೂ ಪೂರ್ತಿ ಸುರಕ್ಷಿತ ಅಲ್ಲ. ಮೆಡಿಕಾಗೊ ಎಂಬ ದ್ವಿದಳ ಗಿಡದಲ್ಲಿ ನಾನು ಹಿಡಿದ ಲೈಸ್‌ಎಂ ಕುಟುಂಬದ ಹಲವು ಜೀನುಗಳು ಒಂದೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಕೂತಿವೆ. ಇಂಥ ಕಡೆ ಜೀನ್ ಊಹಿಸುವ ಸಾಫ್ಟ್‌ವೇರ್ ಕೆಲವು ಸಲ ಪಕ್ಕದ ಎರಡನ್ನು ಒಂದೇ ಅಂತ ಅಂಟಿಸಿಬಿಡುತ್ತದೆ. ಆ ಅಂಟಿದ್ದೇ ಎಲ್ಲಕ್ಕಿಂತ ಉದ್ದ! ಹಾಗಾಗಿ ನನ್ನ ಕುಟುಂಬದ ಮಟ್ಟಿಗೆ ಪ್ರತಿಯೊಂದನ್ನೂ ಕಣ್ಣಿನಿಂದಲೇ ನೋಡುತ್ತೇನೆ. ಇಡೀ ಜೀನೋಮಿಗೆ ಅದು ಆಗದ ಮಾತು.

ಬಾಲ ಕತ್ತರಿಸಿದ ಮೇಲೆ ಸೋಯಾ ಇಳಿಯಿತು, ಪೂರ್ತಿ ಅಲ್ಲ. ಎನ್‌ಎಫ್‌ಆರ್1 ಮರದಲ್ಲಿ ಸೋಯಾದ ಆಲ್ಫಾ, ಬೀಟಾ ಎಂಬ ಎರಡು ಜೀನೂ ಒಂದೇ ಕೊಂಬೆಯಲ್ಲಿ ಅಂಟಿಕೊಂಡೇ ಇದ್ದವು. ಎನ್‌ಎಫ್‌ಆರ್5ಕ್ಕೂ ಹಾಗೇ ಜೋಡಿ. ಇದು ಆ 1.3 ಕೋಟಿ ವರ್ಷದ ಹಿಂದಿನ ನಿಜವಾದ ದುಪ್ಪಟ್ಟು. ಬರೀ ಪಟ್ಟಿಯಲ್ಲಿ ಇದು ಕಾಣುವುದಿಲ್ಲ, ಮರ ಬೇಕು ಅನ್ನೋದು ಅದಕ್ಕೇ.

ನಮ್ಮ ಶೇಂಗಾದ್ದು ಇನ್ನೊಂದು ಥರ. ಅದಕ್ಕೆ ಎರಡು ಕಾಡು ಶೇಂಗಾಗಳ ಪೂರ್ತಿ ಜೀನೋಮ್ ಒಟ್ಟಿಗೇ ಬಂದಿದೆ, ಅರಾಕಿಸ್ ಡ್ಯುರಾನೆನ್ಸಿಸ್ ಮತ್ತು ಅರಾಕಿಸ್ ಇಪಾಯೆನ್ಸಿಸ್. ಕಡಲೆಯ ಪಕ್ಕ ಹಾಗೇ ಇಟ್ಟರೆ ಪ್ರತಿ ಕುಟುಂಬವೂ ಬೆಳೆದಂತೆ ಕಾಣುತ್ತದೆ. 2019ರಲ್ಲಿ ಬಂದ ಟಿಫ್‌ರನ್ನರ್ ಎಂಬ ಶೇಂಗಾ ತಳಿಯ ಜೀನೋಮಿನಲ್ಲಿ ಮೊದಲ ಹತ್ತು ಕ್ರೋಮೋಸೋಮ್ ಒಬ್ಬರದು, ಉಳಿದ ಹತ್ತು ಇನ್ನೊಬ್ಬರದು. ಅದನ್ನು ಎರಡು ಫೈಲಾಗಿ ಒಡೆದು, ಎರಡು ಬೇರೆ ಬೆಳೆ ಅನ್ನುವಂತೆ ಆರ್ಥೋಫೈಂಡರಿಗೆ ಕೊಟ್ಟೆ. ಸಿದ್ಧ ಪಟ್ಟಿಯಲ್ಲಿ ಹೀಗೆ ಒಡೆಯೋಕೆ ಅವಕಾಶವೇ ಇಲ್ಲ.

ಕುಟುಂಬ ಹಿಗ್ಗಿತೋ ಕುಗ್ಗಿತೋ ಅಂತ ಲೆಕ್ಕ ಹಾಕುವ ಕೆಫೆ ಅನ್ನೋ ಸಾಫ್ಟ್‌ವೇರ್ ಬಗ್ಗೆ ಒಂದೇ ಮಾತು. ಅದು ಜೀನುಗಳು ಒಂದೊಂದಾಗಿ ಹುಟ್ಟಿ ಸಾಯುತ್ತವೆ ಅಂತ ನಂಬಿದೆ, ಸೋಯಾ ಒಂದೇ ಏಟಿಗೆ ದುಪ್ಪಟ್ಟಾದದ್ದು ಅದಕ್ಕೆ ಗೊತ್ತಿಲ್ಲ.

ಆರ್ಥೋಫೈಂಡರ್ ಸೋಲುವ ಜಾಗ ಒಂದಿದೆ. ಮೆಡಿಕಾಗೊದಲ್ಲಿ ಗಂಟಿನೊಳಗಿನ ಬ್ಯಾಕ್ಟೀರಿಯವನ್ನು ಹತೋಟಿಯಲ್ಲಿಡುವ ಎನ್‌ಸಿಆರ್ ಪೆಪ್ಟೈಡುಗಳು (ಪುಟ್ಟ ಪ್ರೋಟೀನುಗಳು) ಸುಮಾರು 700 ಇವೆ. ತೀರಾ ಚಿಕ್ಕವು, ಒಂದಕ್ಕೊಂದು ಹೋಲಿಕೆಯೂ ಕಮ್ಮಿ. ಹತ್ತಾರು ಗುಂಪಿಗೆ ಚೆಲ್ಲಾಪಿಲ್ಲಿ. ಅಂಥದ್ದಕ್ಕೆ ಕುಟುಂಬದ ಮಾದರಿ ಇಟ್ಟು ಹುಡುಕುವ ಎಚ್‌ಎಂಎಂಇಆರ್ ಸಾಫ್ಟ್‌ವೇರ್ ಹಿಡಿಯಿರಿ.

ಕಾಲೇಜಿನಲ್ಲಿ ಒಳ್ಳೆ ಸರ್ವರ್ ಇದ್ದು, ಗೈಡ್ ಹಳೆಯ ಪೇಪರಿನ ಜೊತೆ ತಾಳೆ ಬೇಕು ಅಂದರೆ ಆರ್ಥೋಎಂಸಿಎಲ್ ಮಾಡಿ, ನಾನು ಬೇಡ ಅನ್ನೋಲ್ಲ. ನನ್ನ ಕೆಲಸ ಎಲ್ಲಾ ರಾತ್ರಿ ಊಟ ಆದ ಮೇಲೆ, ಸ್ವಂತ ಲ್ಯಾಪ್‌ಟಾಪಿನಲ್ಲಿ, ಸ್ವಂತ ದುಡ್ಡಿನಲ್ಲಿ. ಒಂದು ಫೈಲ್ ಬದಲಾದರೆ ಮತ್ತೆ ಓಡಿಸುವ ಚಾಳಿ ಬೇರೆ. ಆರ್ಥೋಫೈಂಡರೇ ಸಾಕು. ಹಾಕಿಕೊಳ್ಳುವವರು ಮೊದಲು ಫೈಲಿನಲ್ಲಿ ಜೀನ್ ಎಷ್ಟು, ಪ್ರೋಟೀನ್ ಎಷ್ಟು ಎಣಿಸಿ. ಎರಡೂ ಒಂದೇ ಬಂದರೆ ಮಾತ್ರ ಎಂಟರ್ ಒತ್ತಿ.